ದೊಡ್ಡಮ್ಮ ಬಿಟ್ಟುಕೊಡದ ಸೊಪ್ಪಿನ ಹೆಸರು

ನಮ್ಮ ದೊಡ್ಡಮ್ಮನ ಬಾಯಿಗೆ ಬೀಗವೇ ಇಲ್ಲ! ನಮ್ಮೂರು ಅಘನಾಶಿನಿಯಲ್ಲಿ ಬೆಳಿಗ್ಗೆ ಅವಳ ಕಿವಿಗೆ ಬಿದ್ದ ಸುದ್ದಿ ಮೊದಲ ಬಸ್ಸಿಗಿಂತ ಮುಂಚೆ ಕುಮಟೆ ತಲುಪುತ್ತದೆ. ನನ್ನ ಮದುವೆ ನಿಶ್ಚಯವಾದ ಸುದ್ದಿ ನನಗೇ ಸಿಕ್ಕಿದ್ದು ಮೀನು ಮಾರುವವಳಿಂದ ಎಂದರೆ ನೀವೇ ಅಂದಾಜು ಮಾಡಿ! ಇಂಥವಳು ನಲವತ್ತು ವರ್ಷದಿಂದ ಒಂದೇ ಒಂದು ಗುಟ್ಟನ್ನು ಹೊಟ್ಟೆಯಲ್ಲಿಟ್ಟುಕೊಂಡಿದ್ದಳು. ಅದು, ಸಕ್ಕರೆ ಕಾಯಿಲೆಗೆ ಅವಳು ಕೊಡುವ ಕಷಾಯದ ಸೊಪ್ಪಿನ ಹೆಸರು.

"ಎಂತ ಸೊಪ್ಪು ದೊಡ್ಡಮ್ಮ ಅದು?" ಎಂದು ಕೇಳಿದರೆ, "ಹೆಸ್ರು ಹೇಳಿದ್ರೆ ಮದ್ದು ಹಿಡೂದಿಲ್ಲ. ನಮ್ಮಮ್ಮ ಸಾಯೂಕೆ ಮುಂಚೆ ನನ್ನ ಕಿವೀಲಿ ಹೇಳಿದ್ದು" ಎನ್ನುವಳು. ಒಮ್ಮೆ ಸೊಪ್ಪಿಗೆ ಹೊರಟವಳನ್ನು ಕದ್ದು ಹಿಂಬಾಲಿಸಿದೆ. ನನ್ನನ್ನು ಕಂಡವಳೇ ದಾರಿಯಲ್ಲಿ ಸಿಕ್ಕ ಹತ್ತು ಬಗೆಯ ಸೊಪ್ಪನ್ನೂ ಕೊಯ್ದು ಸೆರಗು ತುಂಬಿಕೊಂಡಳು! ಒಂದು ಕಷಾಯಕ್ಕೆ ಹೋಯಿತು. ಉಳಿದ ಒಂಬತ್ತರ ತಂಬುಳಿಯನ್ನು ಮೂರು ದಿನ ನಾನೇ ಉಂಡೆ.

ಕಳೆದ ವರ್ಷ ಸಕ್ಕರೆ ಕಾಯಿಲೆ ನನಗೇ ಬಂತು. ಡಾಕ್ಟರರು ಮಾತ್ರೆ ಬರೆದುಕೊಟ್ಟರು. ದೊಡ್ಡಮ್ಮ ಕಷಾಯದ ಲೋಟ ಹಿಡಿದು ನಿಂತಳು.

"ಮಾತ್ರೆ ಆ ಬದಿಂದ ಅಟ್ಟಲಿ, ನಾ ಈ ಬದಿಂದ ಅಟ್ತೆ. ಸಕ್ರೆ ಎಲ್ಲಿಗೆ ಓಡ್ತದೆ ನೋಡುವ!"

ಆಹಾ, ಎಂಥ ಯುದ್ಧತಂತ್ರ! ಡಾಕ್ಟರರನ್ನು ಒಂದು ಮಾತು ಕೇಳಬೇಕೆಂಬ ಬುದ್ಧಿ, ಓದಿದವನಾದ ನನಗಾದರೂ ಬಂತೇ? ಹತ್ತನೆಯ ದಿನ ಸಕ್ಕರೆ ನಿಜಕ್ಕೂ ಓಡಿತು, ಪೂರ್ತಿ ಓಡಿತು! ಮೈಯೆಲ್ಲ ಬೆವರು, ಕೈಕಾಲು ನಡುಕ. ಅಂಗಳದಲ್ಲೇ ಕುಸಿದುಬಿದ್ದೆ.

ಕುಮಟೆಯ ಆಸ್ಪತ್ರೆಯಲ್ಲಿ ಗ್ಲುಕೋಸ್ ಏರಿಸಿದರೂ ಸಕ್ಕರೆ ಮತ್ತೆ ಮತ್ತೆ ಇಳಿಯುತ್ತಿತ್ತು. ಅರೆ ಎಚ್ಚರದಲ್ಲಿ ನನಗೆ ಮಾತುಗಳು ಕೇಳಿಸುತ್ತಿದ್ದವು.

"ಅಮ್ಮಾ, ಮಾತ್ರೆಯೂ ಸಕ್ಕರೆ ಇಳಿಸ್ತದೆ, ನಿಮ್ಮ ಸೊಪ್ಪೂ ಇಳಿಸಿದ ಹಾಗಿದೆ. ಯಾವ ಸೊಪ್ಪು, ಎಷ್ಟು ಕೊಟ್ರಿ ಹೇಳಿ. ಇಲ್ಲದಿದ್ರೆ ನಾನು ಎಂತ ಮಾಡಲಿ?" ಎಂದರು ಡಾಕ್ಟರರು.

ದೊಡ್ಡಮ್ಮ ಸುಮ್ಮನಿದ್ದಳು. ನಾನು ಹುಟ್ಟಿದಾರಭ್ಯ ಅವಳು ಸುಮ್ಮನಿದ್ದದ್ದನ್ನು ಕಂಡಿರಲಿಲ್ಲ. ಕಾಯಿಲೆಗಿಂತ ಅದಕ್ಕೇ ಹೆಚ್ಚು ಹೆದರಿದೆ. ಆಮೇಲೆ ಇಡೀ ವಾರ್ಡಿಗೆ ಕೇಳುವಂತೆ ಕೂಗಿದಳು: "ಮಧುನಾಶಿನಿ! ಮಧುನಾಶಿನಿ ಸೊಪ್ಪು! ದಿನಾ ಎರಡು ಮುಷ್ಟಿ!"

"ಓ, ಅದಾ? ನಮ್ಮ ಹಿತ್ತಿಲಲ್ಲೂ ಉಂಟಲ್ಲ!" ಎಂದಳು ನರ್ಸು.

ಮರುದಿನ ಚೆನ್ನಾಗಿ ಕಣ್ಣು ಬಿಟ್ಟಾಗ ದೊಡ್ಡಮ್ಮ ನನ್ನ ಕೈ ಹಿಡಿದು ಕೂತಿದ್ದಳು.

"ನಿನ್ನಮ್ಮ ಕೊಟ್ಟ ಮದ್ದು ಹೋತಲ್ಲ ದೊಡ್ಡಮ್ಮ" ಎಂದೆ, ತಮಾಷೆಗೆ. ಅವಳಿಗದು ತಮಾಷೆಯಾಗಿರಲಿಲ್ಲ. ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಮದ್ದು ಹೋದ್ರೆ ಹೋತು ಮಗಾ. ನೀ ಇದ್ಯಲ."