ರುಬೆಲ್ಲಾ ಅಂದರೆ ಬೆಲ್ಲವಲ್ಲ

ಚಿತ್ರದುರ್ಗದ ಸೀಮೆಯಲ್ಲಿ ರುಬೆಲ್ಲಾ ಅನ್ನುವ ಹೆಸರನ್ನು ಮೊಟ್ಟಮೊದಲು ಬಾಯಿ ತುಂಬ ಕೂಗಿದವನು ನಾನೇ. ಅನುಮಾನ ಇದ್ದವರು ನಮ್ಮ ಡಾಕ್ಟರಮ್ಮನನ್ನು ಕೇಳಬಹುದಿತ್ತು, ಆದರೆ ಆಕೆ ತೀರಿಕೊಂಡರು. ಕಾಂಪೌಂಡರೂ ಹೋದ. ಆಸ್ಪತ್ರೆಯ ಜೀಪು ಗುಜರಿ ಸೇರಿತು. ಉಳಿದವನು ಅದರ ಡ್ರೈವರ್ ನಾನೊಬ್ಬ. ಎಪ್ಪತ್ತರ ದಶಕದಲ್ಲಿ ನಾನು ಜೀಪು ಹತ್ತಿದರೆ ಸಾಕು, ಏನಾದರೊಂದು ತಮಾಷೆ ಹಿಂದಿನ ಸೀಟಿಗೆ ಹತ್ತಿ ಕೂರುತ್ತಿತ್ತು.

೧. ಡಬ್ಬಿ ತಂದವರು

ರುಬೆಲ್ಲಾ ಅಂದರೆ ಮೈಮೇಲೆ ಸಣ್ಣ ಕೆಂಪು ಗುಳ್ಳೆ ಏಳುವ ಜ್ವರ. ಮಕ್ಕಳಿಗೆ ಬಂದರೆ ಬಂದಷ್ಟೇ ಬೇಗ ಹೋಗುತ್ತೆ. ಬಸುರಿಗೆ ಮೊದಲ ತಿಂಗಳುಗಳಲ್ಲಿ ಬಂದರೆ ಹೊಟ್ಟೆಯ ಕೂಸಿನ ಕಣ್ಣು, ಕಿವಿ, ಎದೆ ಕೆಡಬಹುದು. ಹಿಂದೊಮ್ಮೆ ಬಂದು ಹೋಗಿದ್ದರೆ ರಕ್ತದಲ್ಲೇ ಕಾವಲು ಇರುತ್ತೆ. ಆ ಕಾವಲು ಉಂಟೋ ಇಲ್ಲವೋ ನೋಡುವುದೇ ಪರೀಕ್ಷೆ ಅಂತ ಡಾಕ್ಟರಮ್ಮ ಬಿಡಿಸಿ ಹೇಳಿದ್ದರು. ಹಿರಿಯೂರು ಕಡೆ ಹರಿಯಬ್ಬೆಗೆ ಹೋದಾಗ ನಾನು ಜೀಪಿನ ಮೇಲೆ ನಿಂತು ಅದನ್ನೇ ಚುಟುಕು ಮಾಡಿ, ಬಸುರೇರೆಲ್ಲ ಬರ್ರಿ, ರುಬೆಲ್ಲಾ, ಅಂತ ಕೂಗಿದೆ. ನನ್ನ ಕೂಗಿಗೆ ಆಂಧ್ರದ ಗಡಿಯಲ್ಲಿ ಎಮ್ಮೆಗಳು ತಿರುಗಿ ನೋಡಿದವು.

ಊರಿಗೂರೇ ಬಂತು, ಕೈಯಲ್ಲಿ ಪಾತ್ರೆ, ಡಬ್ಬಿ ಹಿಡಿದು. ಗಂಡಸರೂ ಸಾಲಿಗೆ ನಿಂತರು. ಸರ್ಕಾರ ಬೆಲ್ಲ ಹಂಚುತ್ತೆ ಅಂದುಕೊಂಡಿದ್ದರು. ಡಾಕ್ಟರಮ್ಮ ಸೂಜಿ ತೆಗೆದದ್ದೇ ತಡ, ಕುರಿ ಕಾಯುವ ಅಜ್ಜನೊಬ್ಬ ಡಬ್ಬಿಗೆ ಮುಚ್ಚಳ ಹಾಕಿ, "ಬೆಲ್ಲ ಬ್ಯಾಡ್ರವ್ವ, ನಾವು ಸಪ್ಪಗೇ ಇರ್ತೀವಿ" ಅಂತ ಹೊರಟೇಬಿಟ್ಟ.

೨. ಅಮ್ಮ ಬಂದಿದ್ಲಾ?

ಹೊಳಲ್ಕೆರೆಯಲ್ಲಿ ಅತ್ತೆಯೊಬ್ಬಳು ಸೊಸೆಯ ಕೈ ಹಿಡಿದು ಕರೆತಂದಳು. ಮದುವೆಯಾಗಿ ಎಷ್ಟೋ ವರ್ಷಕ್ಕೆ ನಿಂತ ಬಸಿರು, ಆಗಿನ್ನೂ ಎರಡು ತಿಂಗಳು. ಪಕ್ಕದ ಮನೆ ಮಗುವಿಗೆ ಇದೇ ಗುಳ್ಳೆ ಎದ್ದಿತ್ತು, ಇವಳು ಅದನ್ನ ಎತ್ತಿ ಆಡಿಸಿದ್ದಳು. ಗುಳ್ಳೆ ಜ್ವರಕ್ಕೆಲ್ಲ ನಮ್ಮಲ್ಲಿ ಅಮ್ಮ ಬಂದಳು ಅನ್ನುವುದು ತಾನೆ? ಡಾಕ್ಟರಮ್ಮನೂ ನಮ್ಮ ಮಾತಿನಲ್ಲೇ, ನಿಂಗೆ ಅಮ್ಮ ಬಂದಿದ್ಲಾ ಅಂತ ಕೇಳಿದರು.

"ಹೋದ ವಾರ ಬಂದಿದ್ಲುರೀ. ಕೋಡುಬಳೆ ತಂದಿದ್ಲು."

ಅದಲ್ಲವ್ವ, ಮೈಮೇಲೆ ಬಂದಿದ್ಲಾ ಅಂದರು. ಅತ್ತೆ ತಡೆಯಲಿಲ್ಲ.

"ಇವಳ ಮೈಮೇಲೆ ಯಾಕ್ ಬರ್ತಾಳ್ರಿ? ಬಂದಾಗೆಲ್ಲ ನನ್ ಮೈಮೇಲೇ ಬರೋದು."

೩. ಬೆಂಗಳೂರಿಗೆ ಹೋದ ರಕ್ತ

ನಗು ಮುಗಿದ ಮೇಲೆ ಅದೇ ಅತ್ತೆ ಸೆರಗಿನಲ್ಲಿ ಕಣ್ಣೊರೆಸಿಕೊಂಡು, ಕೂಸು ನೆಟ್ಟಗೆ ಹುಟ್ಟುತ್ತಾ ಅಂತ ಕೇಳಿದಳು. ಸೊಸೆಗೆ ಚಿಕ್ಕಂದಿನಲ್ಲಿ ಗುಳ್ಳೆ ಎದ್ದಿತ್ತೋ ಇಲ್ಲವೋ ಯಾರಿಗೂ ನೆನಪಿಲ್ಲ. ರಕ್ತವೇ ಹೇಳಬೇಕು, ಆ ಪರೀಕ್ಷೆ ಬೆಂಗಳೂರಿನಲ್ಲೇ ಆಗಬೇಕು. ಐಸು ತುಂಬಿದ ಫ್ಲಾಸ್ಕಿನಲ್ಲಿ ಶೀಸೆ ಇಟ್ಟುಕೊಂಡು ನಾನು ಬಸ್ಸು ಹತ್ತಿದೆ.

ಹಿರಿಯೂರು ದಾಟಿ ಬಸ್ಸು ಕೆಟ್ಟು ನಿಂತಿತು. ಐಸು ಕರಗುತ್ತಾ ಇದೆ. ಒಬ್ಬನೇ ಇಳಿದು ತಳ್ಳಿದೆ. ಎಂಥಾ ತಳ್ಳು ಅಂದರೆ, ಶಿರಾ ಹತ್ತಿರ ಡ್ರೈವರು ಕಿಟಕಿಯಿಂದ ತಲೆ ಹೊರಗೆ ಹಾಕಿ, ನಿಧಾನ ಮಾರಾಯ, ಬ್ರೇಕು ಹಿಡೀತಿಲ್ಲ ಅಂದ.

ಕಾವಲು ಐತೆ ಅಂತ ಉತ್ತರ ಬಂತು. ಅತ್ತೆ ಅವತ್ತು ಹೊಟ್ಟೆ ತುಂಬ ಉಂಡಳಂತೆ. ದಿನ ತುಂಬಿ ಹೆಣ್ಣು ಕೂಸು ಹುಟ್ಟಿದಾಗ ನೋಡಲು ಹೋದೆ. ಬಟ್ಟಲುಗಣ್ಣು ಬಿಟ್ಟು ನನ್ನನ್ನೇ ನೋಡಿ, "ಅಜ್ಜಾ" ಅಂತ ಕರೆಯಿತು.

ನನಗೆ ಅಕ್ಷರ ಬಾರದು, ನಾನು ಹೇಳಿದ್ದನ್ನು ಬರೆದುಕೊಳ್ಳುತ್ತಿದ್ದವಳು ಮೊಮ್ಮಗಳು. ಅವಳು ಪೆನ್ನು ನಿಲ್ಲಿಸಿದಳು.

"ಅಜ್ಜ, ಆಗ ನಿಂಗೆ ಮದುವೇನೂ ಆಗಿರ್ಲಿಲ್ಲ. ಕೂಸು ಅಜ್ಜ ಅಂತ ಹೆಂಗ್ ಕರೀತು?"

ನಾನು ಭುಜ ಕುಣಿಸಿದೆ.

"ಕಣ್ಣು ಅಷ್ಟು ಚುರುಕಾಗಿತ್ತವ್ವ. ಮುಂದಿಂದೂ ಕಾಣ್ತಿತ್ತು."