ಅರವತ್ತು ಎಂ.ಎಲ್. ಮತ್ತು ಕೊಸರು

ಭಾನುವಾರ ಬೆಳಿಗ್ಗೆ ಶೆಟ್ಟಿಹಳ್ಳಿಯ ತನ್ನ ಗ್ಯಾರೇಜಿನಲ್ಲಿ ಚನ್ನೇಶ ಬೆಂಕಿಪೊಟ್ಟಣದಷ್ಟಿದ್ದ ಒಂದು ಪಂಪನ್ನು ಕೈಯಲ್ಲಿ ಹಿಡಿದು ಕೂತು ಆಗಲೇ ಒಂದು ಗಂಟೆಯಾಗಿತ್ತು. ಅದು ಬೈಕಿನ ಎಂಜಿನ್ನಿಗೆ ಹನಿಹನಿಯಾಗಿ ಎಣ್ಣೆ ಕುಡಿಸುವ ಪಂಪು. ಹಾಕಿದರೆ ಎಂಜಿನ್ನಿನ ಬಲದಲ್ಲಿ ತನ್ನದೂ ಒಂದು ಪಾಲು ತಿನ್ನುತ್ತದೆ. ಒಳಗಿನ ಪ್ಲಾಸ್ಟಿಕ್ ಗಿಯರ್ ಯಾವಾಗ ಸವೆದು ಕೈಕೊಡುತ್ತದೋ ಹೇಳುವಂತಿಲ್ಲ. ಬೇಡವೆಂದರೆ ಎಣ್ಣೆಯನ್ನು ಅಳೆದು ಪೆಟ್ರೋಲಿಗೇ ಬೆರೆಸಬೇಕು. ಹೆಚ್ಚಾದರೆ ಹೊಗೆ, ಕಡಿಮೆಯಾದರೆ ಪಿಸ್ಟನ್ ಜಾಮ್.

ಬೈಕು ಅಕ್ಷತಾಳದು. ಆಕೆ ಕುಣಿಗಲ್ಲಿನ ನರ್ಸಿಂಗ್ ಹೋಮೊಂದರಲ್ಲಿ ನರ್ಸು, ರಜೆ ಸಿಕ್ಕರೆ ಡ್ರ್ಯಾಗ್ ರೇಸಿನ ಹುಚ್ಚು. ನೇರ ರಸ್ತೆ, ಹದಿನೈದು ಸೆಕೆಂಡಿನ ಓಟ, ಅಷ್ಟಕ್ಕೆ ತಿಂಗಳುಗಟ್ಟಲೆ ತಯಾರಿ. ಅವಳು ಮೊದಲೇ ಹೇಳಿಬಿಟ್ಟಿದ್ದಳು: "ಮೊದ್ಲ ಇಬ್ರಲ್ಲಿ ಬಂದ್ರೆ ಸೀಸನ್ ಪೂರ್ತಿ ಎಂಜಿನ್ ನಿಮ್ಗೇ ಬಿಡ್ತೀನಿ. ಇಲ್ದಿದ್ರೆ ಬೆಂಗ್ಳೂರಿನವ್ರಿಗೆ ಕೊಡ್ತೀನಿ. ಹೋದ್ಸಲ ಎಣ್ಣೆ ಇಲ್ದೆ ಜಾಮ್ ಆಗಿ ಬಿದ್ದಿದೀನಿ, ಅದೊಂದ್ ಆಗ್ಬಾರ್ದು." ಹನ್ನೊಂದು ವರ್ಷ ಸ್ಕೂಟರುಗಳಿಗೆ ಪಂಕ್ಚರ್ ಹಾಕಿ ಸವೆದ ಚನ್ನೇಶನಿಗೆ ರೇಸ್ ಮೆಕ್ಯಾನಿಕ್ ಅನ್ನಿಸಿಕೊಳ್ಳುವ ಬಾಗಿಲು ಇದೊಂದೇ ತೆರೆದಿತ್ತು.

"ಪಂಪ್ ತೆಗಿತೀಯಾ?" ಎದುರಿನ ಲೇಥ್ ಅಂಗಡಿಯ ಜಹೀರ್ ಅಹಮದ್ ಸಾಹೇಬರು ರಸ್ತೆ ದಾಟಿ ಬಂದರು. "ದಿಲ್ ಕಿತ್ತು ಆಚೆ ಇಟ್ಬುಟ್ಟು ಓಡು ಅಂದ್ರೆ ಯಾವನ್ ಓಡ್ತಾನಪ್ಪ? ಹಾಕು ಸುಮ್ನೆ."

ಚನ್ನೇಶ ಹಾಕಿದ.

ಅಷ್ಟರಲ್ಲಿ ಕಟ್ಟಡದ ಓನರ್ ಹೊಂಬಾಳಮ್ಮ ತಮ್ಮ ದಿನಸಿ ಅಂಗಡಿಯಿಂದ ಇಣುಕಿದರು. "ಪಂಪ್ ನಂಬ್ಕೊಂಡು ಹೋದ್ವಾರ ಮೂರು ದಿನ ನೀರಿಲ್ದೆ ಕೂತಿದ್ವಿ, ಮರೆತೋಯ್ತಾ? ಕೈಯಾರೆ ಹಾಕಿದ್ದೇ ಹಾಕಿದ್ದು ಕಣಪ್ಪ."

ಚನ್ನೇಶ ಬಿಚ್ಚಿದ. ಸಾಹೇಬರು ಮುಖ ಗಂಟಿಕ್ಕಿಕೊಂಡರು, ಮತ್ತೆ ಹಾಕಿದ. ಹೊಂಬಾಳಮ್ಮ ನಿಟ್ಟುಸಿರು ಬಿಟ್ಟರು, ಮತ್ತೆ ಬಿಚ್ಚಿದ. ಯಾರಿಗೂ ಬೇಡ ಅನ್ನಲಾರದ ಅವನ ಗುಣಕ್ಕೆ ಹನ್ನೊಂದು ಗಂಟೆಯ ಹೊತ್ತಿಗೆ ಆ ಬೋಲ್ಟುಗಳ ಮೂಲೆಗಳೆಲ್ಲ ಸವೆದು ದುಂಡಗಾಗಿದ್ದವು. ಕೊನೆಗೆ ಅಕ್ಷತಾ ಬಂದು ಹೊರಡೋಣವೆಂದಾಗ ಪಂಪು ಬಿಚ್ಚಿದ ಸರದಿಯಲ್ಲಿತ್ತು. ಅದೇ ತೀರ್ಮಾನವಾಯಿತು.

ಎರಡು ಲೀಟರ್ ಪೆಟ್ರೋಲಿಗೆ ಅರವತ್ತು ಎಂ.ಎಲ್. ಎಣ್ಣೆ. ಅಕ್ಷತಾ ತಂದುಕೊಟ್ಟ ಸಿರಿಂಜಿನಲ್ಲಿ ಚನ್ನೇಶ ಅಳೆದು, ಟ್ಯಾಂಕಿಗೆ ಬಿಟ್ಟು, ಕುಲುಕಿ, ಕೈ ತೊಳೆಯಲು ಒಳಗೆ ಹೋದ. ಆ ಐದು ನಿಮಿಷವೇ ಸಾಕಾಯಿತು.

ಗುಬ್ಬಿ ದಾಟಿ ಬಿದರೆಹಳ್ಳಿ ಕಾವಲಿನ ದಾರಿಯಲ್ಲಿ, ಇನ್ನೂ ಸೈಟು ಹಂಚದ ಖಾಸಗಿ ಲೇಔಟಿನ ರಸ್ತೆಯಲ್ಲಿ ರೇಸು. ಸಾಹೇಬರ ಗೂಡ್ಸ್ ಆಟೋದಲ್ಲಿ ಬೈಕಿನ ಜೊತೆ ಎಲ್ಲರೂ ಹೋದರು. ಹೊಂಬಾಳಮ್ಮ ಪುಳಿಯೋಗರೆಯನ್ನೂ ಕಟ್ಟಿಕೊಂಡಿದ್ದರು. ಪ್ರಾಕ್ಟೀಸಿಗೆಂದು ಅಕ್ಷತಾ ಕಿಕ್ ಹೊಡೆದಳು. ಎದ್ದ ಹೊಗೆಗೆ ಜನ ನಗರಸಭೆಯವರು ಸೊಳ್ಳೆಗೆ ಹೊಗೆ ಹಾಕಲು ಬಂದರೆಂದು ತಿಳಿದು ತಿಂಡಿ ಮುಚ್ಚಿಕೊಂಡರು. ನೂರು ಅಡಿ ಹೋಗುವಷ್ಟರಲ್ಲಿ ಬೈಕು ಕೆಮ್ಮಿ ನಿಂತಿತು. ಪ್ಲಗ್ ಬಿಚ್ಚಿ ನೋಡಿದರೆ ಎಣ್ಣೆಯಲ್ಲಿ ಅದ್ದಿ ತೆಗೆದ ಹಾಗಿತ್ತು.

"ಯಾರ್ ಹಾಕಿದ್ದು?" ಚನ್ನೇಶ ಪ್ಲಗ್ಗನ್ನು ಮೂವರ ಮುಂದೆ ಹಿಡಿದ.

ಹೊಂಬಾಳಮ್ಮ ಸೆರಗು ಸರಿಮಾಡಿಕೊಂಡರು. "ಒಂದು ಚೂರು ಕೊಸರು ಹಾಕ್ದೆ. ನಮ್ಮಂಗ್ಡೀಲಿ ಕಾಲ್ ಕೆಜಿ ಬೇಳೆ ತಗೊಂಡೋರಿಗೂ ಒಂದು ಹಿಡಿ ಕೊಸರು ಹಾಕ್ತೀನಿ. ಬರೀ ಅಳ್ತೆ ಕೊಟ್ರೆ ಮನ್ಸು ಒಪ್ಪಲ್ಲ."

"ನಾನು ಎರಡೇ ಮುಚ್ಚಳ," ಎಂದರು ಸಾಹೇಬರು. "ಪಂಪ್ ಇಲ್ವಲ್ಲ ಅಂತ ಪಾಪ ಅನ್ನಿಸ್ತು."

ಚನ್ನೇಶ ಅಕ್ಷತಾಳ ಕಡೆ ತಿರುಗಿದ. ದಿನಾ ಎಂ.ಎಲ್. ಲೆಕ್ಕದಲ್ಲೇ ಔಷಧಿ ಕೊಡುವವಳು, ಹೆಲ್ಮೆಟ್ಟಿನೊಳಗಿಂದಲೇ ಹೇಳಿದಳು: "ಜಾಮ್ ಆಗುತ್ತೆ ಅಂತ ಭಯ ಇತ್ತು. ಒಂದು ಸಿರಿಂಜ್ ಅಷ್ಟೆ."

ರೇಸಿಗೆ ಇಪ್ಪತ್ತು ನಿಮಿಷ ಉಳಿದಿತ್ತು. ಚನ್ನೇಶ ಜನ್ಮದಲ್ಲಿ ಮೊದಲ ಸಲ ಗದರಿದ. ಮೂವರನ್ನೂ ಆಟೋದ ಆಚೆ ಬದಿಗೆ ಕಳಿಸಿ, ಟ್ಯಾಂಕು ಖಾಲಿ ಮಾಡಿ, ಹೊಸ ಪೆಟ್ರೋಲು ಹಾಕಿ, ಹೊಸ ಪ್ಲಗ್ ಬಿಗಿದು, ಒಬ್ಬನೇ ಕೂತು ಎಣ್ಣೆ ಅಳೆದ. ಬೈಕನ್ನು ಗೆರೆಗೆ ನಿಲ್ಲಿಸುವವರೆಗೂ ಟ್ಯಾಂಕಿನ ಮೇಲಿಂದ ಕೈ ತೆಗೆಯಲಿಲ್ಲ.

ದೀಪ ಹಸಿರಾಯಿತು. ಈ ಸಲ ಬೈಕು ಕೆಮ್ಮಲಿಲ್ಲ, ಬಿಟ್ಟ ಬಾಣದಂತೆ ಹೋಯಿತು. ತಾನು ಕಟ್ಟಿದ ಎಂಜಿನ್ ಹೀಗೆ ಹಾಡುತ್ತದೆಂದು ಚನ್ನೇಶನೂ ಅಂದುಕೊಂಡಿರಲಿಲ್ಲ. ಆದರೆ ಕೊನೆಯ ಗಜಗಳಲ್ಲಿ ಹಿಂದಿನಿಂದ ತೆಳ್ಳಗೆ ನೀಲಿ ಹೊಗೆಯ ಎಳೆಯೊಂದು ಎದ್ದಿತು. ಸ್ಪೀಡು ಒಂದು ಗುಟುಕು ಕುಗ್ಗಿತು. ಅರ್ಧ ಚಕ್ರದ ಅಂತರದಲ್ಲಿ ಮೂರನೆಯ ಸ್ಥಾನ.

"ನಾನು ಮುಟ್ಟಿಲ್ಲ, ಖುದಾ ಕಸಂ," ಎಂದರು ಸಾಹೇಬರು.

"ಸಿದ್ಧಲಿಂಗೇಶ್ವರನಾಣೆ, ನಾನೂ ಇಲ್ಲ," ಎಂದರು ಹೊಂಬಾಳಮ್ಮ.

ಅಕ್ಷತಾ ಬೈಕು ತಳ್ಳಿಕೊಂಡು ಬಂದು ಚನ್ನೇಶನನ್ನೇ ನೋಡಿದಳು. ಅವನು ತನ್ನ ಬಲಗೈ ನೋಡಿಕೊಂಡ. ಅರವತ್ತು ಎಂ.ಎಲ್. ಮುಗಿದ ಮೇಲೆ, ಇರಲಿ ಪಾಪ, ಓಡುವ ಜೀವ ಎಂದು ಈ ಕೈಯೇ ಇನ್ನೊಂದು ಹತ್ತು ಎಂ.ಎಲ್. ಬಿಟ್ಟಿತ್ತು. ಅದು ಅವನಿಗೆ ಈಗಷ್ಟೇ ನೆನಪಾಯಿತು.

"ನಾನೇ ಮೇಡಂ," ಎಂದ. "ಕೊಸರು."

ಅಕ್ಷತಾ ನಕ್ಕಳು. "ಎಂಜಿನ್ ಚೆನ್ನಾಗಿದೆ. ಸೀಸನ್ ಪೂರ್ತಿ ಅಂತ ಈಗ್ಲೇ ಹೇಳಲ್ಲ. ಮುಂದಿನ ತಿಂಗ್ಳು ಇನ್ನೊಂದ್ಸಲ ನೋಡಣ. ಆದ್ರೆ ಹೊಸ ಗಿಯರ್ ಹಾಕಿ ಆ ಪಂಪನ್ನೇ ಕೂರ್ಸಿ. ಪಂಪ್‌ಗೆ ಪ್ರೀತಿ ಇರಲ್ಲ."

ಸಂಜೆ ಶೆಟ್ಟಿಹಳ್ಳಿಯಲ್ಲಿ ಚನ್ನೇಶ ಮತ್ತೆ ಅದೇ ಸ್ಟೂಲಿನ ಮೇಲೆ, ಅದೇ ಪಂಪು ಹಿಡಿದು ಕೂತಿದ್ದ. ಹೊಂಬಾಳಮ್ಮ ಕಾಫಿ ತಂದಿಟ್ಟು, ಪಂಪಿಗೆ ಎಣ್ಣೆ ಕೊಡಲು ಪಕ್ಕದಲ್ಲಿ ಜೋಡಿಸಿದ್ದ ಡಬ್ಬಿಯನ್ನು ಬಗ್ಗಿ ನೋಡಿದರು.

"ಇದಕ್ಕೆ ಎಷ್ಟು ಹಾಕಿದ್ರೂ ಪಂಪು ತನಗೆ ಬೇಕಾದಷ್ಟೇ ಕುಡಿಯುತ್ತಾ?"

"ಹೂಂನಮ್ಮ."

"ಹಂಗಾದ್ರೆ ಡಬ್ಬಿ ಬಾಯಿ ಯಾವ ಕಡೆ ಐತೆ, ತೋರ್ಸು," ಎಂದು ಅವರು ಸೆರಗಿನ ಮರೆಯಿಂದ ಎಣ್ಣೆ ಬಾಟಲಿ ತೆಗೆದರು.