ಹೊಗೆ ಕಾಯುತ್ತಿದ್ದ ನಮ್ಮ ಮಾವ

ನಮ್ಮ ಸೋದರಮಾವನಿಗೆ ಮರ ನೋಡಿದರೆ ಮರ ಕಾಣುತ್ತಿರಲಿಲ್ಲ, ಹೊಗೆ ಕಾಣುತ್ತಿತ್ತು! ಕಣ್ಣಿನ ದೋಷವೆಂದು ತಿಳಿಯಬೇಡಿ. ಮಾನ್ವಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದ ಮಾವ, ಬೋರ್ಡಿನ ಕಡೆ ಮುಖ ಮಾಡಿದ್ದಾಗಲೂ ಕೊನೆಯ ಬೆಂಚಿನಲ್ಲಿ ಯಾರ ಬಾಯಿ ಶೇಂಗಾ ಅಗಿಯುತ್ತಿದೆ ಎಂದು ಹೇಳಬಲ್ಲವನಾಗಿದ್ದ. ತೊಂದರೆ ಇದ್ದದ್ದು ಅವನು ಕಲಿಸುತ್ತಿದ್ದ ಒಂದು ಪಾಠದಲ್ಲಿ. ಗಾಳಿಯಲ್ಲಿರುವ ಇಂಗಾಲವನ್ನು ಗಿಡ ಹೀರಿಕೊಂಡು ತನ್ನ ಮೈಯಲ್ಲಿ ಕಟ್ಟಿಗೆಯಾಗಿ ಕೂಡಿಡುತ್ತದೆ, ಸುಟ್ಟರೆ ಅದೇ ಇಂಗಾಲ ಮತ್ತೆ ಗಾಳಿಗೆ ಹೋಗುತ್ತದೆ ಎಂಬ ಪಾಠ. ಉಳಿದ ಮಾಸ್ತರರು ಇದನ್ನು ಪರೀಕ್ಷೆಗೆ ಬರುತ್ತದೆಂದು ಕಲಿಸಿ ಮರೆತುಬಿಡುತ್ತಾರೆ. ನಮ್ಮ ಮಾವ ನಂಬಿಬಿಟ್ಟ.

ನಂಬಿದ ಮೇಲೆ ಕೇಳಬೇಕೆ? ಮನೆಯಲ್ಲಿ ಕಟ್ಟಿಗೆಯ ಯಾವ ಸಾಮಾನು ಮುರಿದರೂ ಒಲೆಗೆ ಹೋಗುವಂತಿರಲಿಲ್ಲ. ಕಾಲು ಹೋದ ಮಂಚ, ಸೀಳಿದ ಒನಕೆ, ಬೆನ್ನಿಲ್ಲದ ಕುರ್ಚಿ, ಎಲ್ಲವೂ ನಡುಮನೆಯಲ್ಲಿ ಪಿಂಚಣಿ ಪಡೆಯುತ್ತ ಕೂತಿರುತ್ತಿದ್ದವು. ಬಂದವರು ಪಾಪ, ಕುರ್ಚಿ ಎಂದುಕೊಂಡು ಕೂಡಲು ಹೋದರೆ ಒಳಗಿನಿಂದ ನಮ್ಮ ಅತ್ತೆಯ ದನಿ ಬರುತ್ತಿತ್ತು: “ಅದರ ಮ್ಯಾಲ ಕೂಡಬ್ಯಾಡ್ರಿ, ಅದು ಹೊಗಿ ಇಟ್ಕೊಂಡದ.”

ಹಾಗಾದರೆ ಅಡುಗೆ ಹೇಗೆ ಎನ್ನುತ್ತೀರಾ? ಅದಕ್ಕೂ ಮಾವನ ಕಾನೂನಿತ್ತು. ಹತ್ತಿ ಕಟ್ಟಿಗೆ, ತೊಗರಿ ಕಟ್ಟಿಗೆ, ಸೆಗಣಿಯ ಕುಳ್ಳು, ಇಷ್ಟೇ. ಅವು ವರ್ಷಕ್ಕೊಮ್ಮೆ ಬಂದು ಹೋಗುವಂಥವು. ನೂರು ವರ್ಷ ಹೊಗೆ ಹಿಡಿದಿಡುವ ಹುಣಸೆಯ ಹಾಗಲ್ಲ ಎಂದು ಅವನ ವಾದ. ಅತ್ತೆ ವಾದಿಸುತ್ತಿರಲಿಲ್ಲ, ಊದುಗೊಳವೆ ಹಿಡಿದು ಊದುತ್ತಿದ್ದಳು.

ಮಾನ್ವಿಯ ಕಟ್ಟಿಗೆ ಅಡ್ಡೆಯ ಸಾಹೇಬರಿಗೂ ಮಾವನಿಗೂ ಹಳೆಯ ಸ್ನೇಹ. ಶಾಲೆ ಬಿಟ್ಟ ಮೇಲೆ ಮಾವ ಅಲ್ಲಿ ನಿಂತು ಬೇವಿನ ದಿಮ್ಮಿಯ ಮೇಲೆ ಕೈಯಿಟ್ಟು, ಸಾವಿನ ಮನೆಗೆ ಬಂದವನಂತೆ ಮುಖ ಇಳಿಬಿಟ್ಟಿರುತ್ತಿದ್ದ. ಒಂದು ದಿನ ಸಾಹೇಬರ ತಾಳ್ಮೆ ಕೆಟ್ಟಿತು. “ಮಾಸ್ತರ, ನಿಮ್ಮ ಮಾರಿ ನೋಡಿ ಗಿರಾಕಿ ಹೊಳ್ಳಿ ಹೊಂಟಾರ. ಛಾ ಕುಡದು ಮನಿಗಿ ನಡೀರಿ” ಎಂದರು. ಮಾವ ಬಟ್ಟಲು ಕೈಗೆತ್ತಿಕೊಂಡವನು, ಇದನ್ನು ಯಾವುದರ ಮೇಲೆ ಕಾಯಿಸಿದ್ದು ಎಂದು ವಿಚಾರಿಸಿದ. ಸೀಮೆಎಣ್ಣೆ ಸ್ಟೋವಿನ ಮೇಲೆ ಎಂದು ಸಾಹೇಬರು ಕಣ್ಣು ಮಿಟುಕಿಸದೆ ಹೇಳಿದರು. ಅವರ ಬೆನ್ನ ಹಿಂದೆಯೇ ಕಟ್ಟಿಗೆ ಒಲೆ ಧಗಧಗ ಉರಿಯುತ್ತಿತ್ತು!

ಇನ್ನು ದೇವದುರ್ಗದಲ್ಲಿ ಆದದ್ದನ್ನು ನಮ್ಮ ಮನೆತನದಲ್ಲಿ ಯಾರೂ ಮರೆತಿಲ್ಲ. ಚಿಕ್ಕಮ್ಮನ ಮಗಳ ಮದುವೆ. ಗಬ್ಬೂರಿನಿಂದ ಬೀಗರು ಬಂದಿಳಿದಿದ್ದಾರೆ. ಅಡುಗೆಯವರು ದೊಡ್ಡ ಒಲೆಗೆ ತೊಡೆ ಗಾತ್ರದ ಬೇವಿನ ಕೊರಡು ಇಟ್ಟಿದ್ದರು. ಮಾವ ಅತ್ತಿತ್ತ ನೋಡಿ ಅದನ್ನು ಹೊರಗೆಳೆದು, ಒಂದು ಕೊಡ ನೀರು ಸುರಿದು, ಉಳಿಸಿದೆ ಎಂದು ನಿಟ್ಟುಸಿರು ಬಿಟ್ಟ. ಉಳಿದದ್ದೇನೋ ನಿಜ, ಜೊತೆಗೆ ಅನ್ನವೂ ಅರೆಬೆಂದು ಉಳಿಯಿತು. ಒಲೆ ಮತ್ತೆ ಹೊತ್ತುವ ತನಕ ಬೀಗರನ್ನು ಸುಮ್ಮನೆ ಕೂಡಿಸಬಾರದಲ್ಲ? ಮಾವ ಅವರಿಗೆ ಇಂಗಾಲದ ಪಾಠ ಹೇಳಿದ. ಹಸಿದ ಹೊಟ್ಟೆಯಲ್ಲಿ ಅದನ್ನೆಲ್ಲ ಕೇಳಿಸಿಕೊಂಡ ವರನ ತಂದೆ, ಕಡೆಗೆ ಚಿಕ್ಕಮ್ಮನನ್ನು ಮರೆಗೆ ಕರೆದು ಕೇಳಿದರಂತೆ: “ಹುಡುಗಿ ಸಂಗಡ ಇವರೂ ನಮ್ಮ ಮನಿಗಿ ಬರಾಂಗಿಲ್ಲ, ಹೌದಲ್ರಿ?”

ಎಂಬತ್ತರ ದಶಕ ಬಂತು. ರಾಯಚೂರಿನ ಹೊರಗೆ, ಕೃಷ್ಣೆಯ ದಂಡೆಯಲ್ಲಿ ಕಲ್ಲಿದ್ದಲಿನಿಂದ ಕರೆಂಟ್ ಮಾಡುವ ಕಾರ್ಖಾನೆಯ ಚಿಮಣಿ ಏಳತೊಡಗಿತು. ಊರವರು ಇನ್ನು ಮೇಲೆ ದೀಪ ಆರುವುದಿಲ್ಲವೆಂದು ಹಿಗ್ಗಿದರೆ, ಮಾವ ಈ ಹೊಗೆಯನ್ನು ಯಾವ ಅಡವಿ ಹಿಡಿಯಬೇಕೆಂದು ಚಿಂತೆಗೆ ಬಿದ್ದ. ಅಷ್ಟರಲ್ಲಿ ಜಿಲ್ಲೆಯಲ್ಲಿ ಸರಕಾರ ಗಿಡ ನೆಡಿಸುತ್ತದೆ, ಯಾವ ಕೆಲಸ ಮೊದಲು ಆಗಬೇಕೆಂದು ಜನರನ್ನೂ ಕೇಳುತ್ತದೆ, ರಾಯಚೂರಿನಲ್ಲಿ ಸಭೆ ಇದೆ ಎಂಬ ಸುದ್ದಿ ಬಂತು. ಸರಕಾರ ತನ್ನನ್ನೇ ಕರೆದಿದೆ ಎಂದು ಮಾವ ತಿಳಿದ. ಆಗ ನಾನು ರಾಯಚೂರಿನಲ್ಲಿ ನೌಕರಿಗಿದ್ದೆ. ಮಾವನನ್ನು ಒಬ್ಬನೇ ಬಿಡುವುದು ಸರಕಾರಕ್ಕೆ ಒಳ್ಳೆಯದಲ್ಲವೆನಿಸಿ, ಕರೆತರಲು ಹಿಂದಿನ ದಿನವೇ ಮಾನ್ವಿಗೆ ಹೋದೆ.

ಸಂಜೆ ಭಾಷಣದ ತಾಲೀಮು ನಡೆದಿತ್ತು. ಅತ್ತೆ ಒಲೆ ಮುಂದೆ. ಮಾವ ಅಡುಗೆಮನೆಯ ಹೊಸ್ತಿಲಾಚೆ. ಒಳಗೆ ಕಾಲಿಟ್ಟರೆ ಅವನ ಕಣ್ಣು ಉರಿಯುತ್ತಿತ್ತು! ನಿಂತಿರುವ ಹಳೆಯ ಮರಕ್ಕೆ ಕೊಡಲಿ ಹಾಕಬಾರದು, ಇದು ಮೊದಲನೆಯದು. ಗುಡ್ಡದ ಕುರುಚಲು ಅಡವಿಗೆ ದನ ಬಿಡದೆ ತಾನೇ ಚಿಗುರಲು ಬಿಡುವುದು, ಎರಡನೆಯದು. ಹೊಸದಾಗಿ ನೆಡುವುದಾದರೆ ಬಾಳಿಕೆ ಬರುವ ಬೇವು, ಹುಣಸೆ. ಬೇಗ ಬೆಳೆಸಿ ಬೇಗ ಕಡಿಯುವ ನೀಲಗಿರಿ ಎಲ್ಲಕ್ಕೂ ಕೊನೆಗೆ. ಮುಗಿಸಿ, ಹೇಗಿದೆ ಎಂದು ಅತ್ತೆಯನ್ನು ಕೇಳಿದ. ಇಷ್ಟು ವರ್ಷಗಳಲ್ಲಿ ಅವಳ ಅಭಿಪ್ರಾಯ ಕೇಳಿದ್ದು ಅದೇ ಮೊದಲಿರಬೇಕು.

ಅತ್ತೆ ಸೆರಗಿನಿಂದ ಕಣ್ಣು ಒರೆಸಿಕೊಂಡು, ಕೆಮ್ಮು ನಿಂತ ಮೇಲೆ ಮೆಲ್ಲಗೆ ಹೇಳಿದಳು: “ಗಿಡ ಹೊಗಿ ನುಂಗತಾವಂತ ಅವನ್ನ ಕಾಯಾಕತ್ತೀರಿ. ಇಲ್ಲಿ ನಾನೂ ನುಂಗಾಕತ್ತೀನಿ. ನನ್ನ ಎಷ್ಟನೇದಕ್ಕ ಇಟ್ಟೀರಿ?”

ಸಿಟ್ಟಿನಿಂದಲ್ಲ, ತರಕಾರಿಯ ವಿಚಾರ ಕೇಳಿದಂತೆ ಕೇಳಿದ್ದಳು. ಮರುದಿನ ಮಾವನೂ ನಾನೂ ರಾಯಚೂರಿನ ಬಸ್ಸು ಹತ್ತಿದೆವು. ದಾರಿಬದಿಯಲ್ಲಿ ಯಾರೋ ಜಾಲಿ ಕಡಿಯುತ್ತಿದ್ದರು, ಮಾವ ಇಣುಕಿ ಕೂಡ ನೋಡಲಿಲ್ಲ. ನನಗೆ ನಿಜಕ್ಕೂ ಹೆದರಿಕೆಯಾಯಿತು.

ಸಭೆಯಲ್ಲಿ ಒಬ್ಬರು ತಮ್ಮ ಹೊಲದ ಬದುವಿಗೆ ಸಸಿ ಕೇಳಿದರು, ಇನ್ನೊಬ್ಬರು ಊರಿಗೆ ಬಸ್ಸು ಕೇಳಿದರು. ಮಾವನ ಸರದಿ ಬಂತು. ಎದ್ದು ನಿಂತು ಗಂಟಲು ಸರಿಮಾಡಿಕೊಂಡ. “ಮೊದಲ್ನೇದು, ಒಲಿ” ಎಂದ.

ಎಲ್ಲರೂ ನಕ್ಕರು. ಅಧಿಕಾರಿ ಸೌಮ್ಯ ಸ್ವಭಾವದವರು, ಇದು ಗಿಡದ ಸಭೆ, ಒಲೆ ತಮ್ಮ ಇಲಾಖೆಗೆ ಬರುವುದಿಲ್ಲ ಎಂದು ತಿಳಿಸಿ ಹೇಳಿದರು.

“ಅಡವಿ ಬರತದಲ್ರಿ ನಿಮ್ಮ ಇಲಾಖಿಗಿ? ಅದು ಒಲಿಗೇ ಹೊಂಟದ” ಎಂದ ಮಾವ. ಅರ್ಧ ಕಟ್ಟಿಗೆಯಲ್ಲಿ ಅಡುಗೆಯಾಗುವ, ಹೊಗೆ ಹೊರಗೆ ಹೋಗುವ ಒಲೆಯನ್ನು ಮನೆಮನೆಗೂ ಕೊಟ್ಟರೆ ಮರವೂ ನಿಲ್ಲುತ್ತದೆ, ಹೆಣ್ಣುಮಕ್ಕಳ ಕಣ್ಣೂ ಉಳಿಯುತ್ತದೆ ಎಂದು ವಿವರಿಸಿದ. ಇದನ್ನು ಎಲ್ಲಿ ಓದಿದಿರಿ ಎಂದು ಅಧಿಕಾರಿ ಕೇಳಿದರು. “ಓದಿಲ್ರಿ. ನಮ್ಮ ಮನ್ಯಾಗಿನವ್ರು ಹೇಳ್ಯಾರ” ಎಂದು ಕೂತುಬಿಟ್ಟ. ತಾಲೀಮು ಮಾಡಿದ್ದ ಉಳಿದದ್ದೆಲ್ಲ ಮರೆತೇ ಹೋಗಿತ್ತು.

ಆ ಮಳೆಗಾಲಕ್ಕೆ ಅರಕೇರಾದ ಕಡೆ ಸರಕಾರ ನೆಟ್ಟದ್ದು ನೀಲಗಿರಿಯೇ. ಮಾವ ಹೆಚ್ಚು ದುಃಖಪಡಲಿಲ್ಲ, ಅವನಿಗೆ ಬೇರೆ ಕೆಲಸವಿತ್ತು. ಅತ್ತೆಯನ್ನು ರಾಯಚೂರಿಗೆ ಕರೆತಂದು ಕಣ್ಣಿನ ಡಾಕ್ಟರಿಗೆ ತೋರಿಸಿದ. ಕೆಲವು ವಾರ ಒಲೆಯ ಹತ್ತಿರ ಸುಳಿಯಬಾರದೆಂದು ಅವರು ಹೇಳಿದರು. ಗೌಂಡಿಯನ್ನು ಕರೆಸಿ ಕೊಳವೆ ಇಟ್ಟ ಹೊಸ ಒಲೆ ಕಟ್ಟಿಸಿದ್ದಾಯಿತು; ಮೊದಲ ಸಲ ಹೊತ್ತಿಸಿದಾಗ ಹೊಗೆಯೆಲ್ಲ ನೇರವಾಗಿ ಪಕ್ಕದ ಮನೆಗೆ ಹೋಗಿ, ಅವರು ಬೆಂಕಿ ಬಿತ್ತೆಂದು ಓಡಿಬಂದರು.

ಅದೇ ದಿನಗಳಲ್ಲಿ ಒಂದು ಮಧ್ಯಾಹ್ನ ನಾನು ಹೋದಾಗ ಮಾವ ಅಡುಗೆಮನೆಯಲ್ಲಿ ಕೂತು ರೊಟ್ಟಿ ತಟ್ಟುತ್ತಿದ್ದ. ಅತ್ತೆ ಕಣ್ಣಿಗೆ ಔಷಧ ಹಾಕಿಸಿಕೊಂಡು ಗೋಡೆಗೊರಗಿದ್ದಳು. ನನಗೂ ಅವಳಿಗೂ ತಾಟು ಇಟ್ಟ. ರೊಟ್ಟಿ ಮುರಿದು, ಬೇಳೆಯಲ್ಲಿ ಅದ್ದಿ, ಮುಚ್ಚಿದ ಕಣ್ಣಿನ ಅತ್ತೆಯ ಕೈಗೆ ಒಂದು ತುತ್ತು ಕೊಟ್ಟು, ಫಲಿತಾಂಶಕ್ಕೆ ಕಾದ ಹುಡುಗನ ಹಾಗೆ ನಿಂತ.

“ಬ್ಯಾಳಿ ಹ್ಯಾಂಗದ?”

“ಛಲೋ ಅದ” ಎಂದಳು ಅತ್ತೆ.

ನಾನೂ ಒಂದು ತುತ್ತು ಬಾಯಿಗಿಟ್ಟೆ. ಮಾವ ಉಪ್ಪು ಹಾಕುವುದನ್ನೇ ಮರೆತಿದ್ದ. ಅತ್ತೆ ಇನ್ನೊಂದು ಸೌಟು ಹಾಕಿರೆಂದು ತಾಟು ಮುಂದೆ ಸರಿಸಿದಳು.